ಮುಗಿಲು ಕೂಗಿದ ಚಳಿಗಾಲ

ನಾನು ಹಿಮದ ಜಾರುಬಂಡಿಯಿಂದ ಇಳಿದ ಕೂಡಲೇ ಆ ಊರಿನ ಪಂಚಾಯಿತಿ ಅಧ್ಯಕ್ಷ ಚಿಕ್ಕನಂಜಯ್ಯನವರು ಎರಡೂ ಕೈ ಚಾಚಿ, "ಬನ್ನಿ ಮೇಡಂ, ನಮ್ಮನೆ ನಿಮ್ಮನೆ ಅಂದ್ಕೊಳ್ಳಿ, ಇರೋಷ್ಟು ದಿನ ಊಟ ತಿಂಡಿ ಎಲ್ಲಾ ನಮ್ಮಲ್ಲೇ" ಎಂದರು. ನಾನು ಪೆಟ್ಟಿಗೆ ಎತ್ತಿಕೊಂಡು ಅವರ ಹಿಂದೆಯೇ ಹೊರಟೆ. ಅವರು ಗಾಬರಿಯಾಗಿ ನಿಂತು ಬೆರಳನ್ನು ಮೇಲಕ್ಕೆ ತೋರಿಸಿದರು. "ಮೋಡ ಇದೆಯಲ್ಲಮ್ಮಾ" ಎಂದರು, ಮೆತ್ತಗೆ, ಮಗುವಿಗೆ ಹೇಳುವಂತೆ. ಆಮೇಲೆ ಬೇರೆಯವರ ಮನೆಯ ಮಹಡಿಯಲ್ಲಿ ನನಗೊಂದು ಬಾಡಿಗೆ ಕೋಣೆ ತೋರಿಸಿದರು.

ಆ ಊರಿನಲ್ಲಿ ಮೋಡದ ಕೆಳಗೆ ಆಡಿದ ಮಾತು ಆಡಿದವರಿಗೆ ಅಂಟುವುದಿಲ್ಲ. ತಿಳಿ ಆಕಾಶದ ಕೆಳಗೆ ಆಡಿದ್ದು ಅಂಟುತ್ತದೆ, ಅಂಟಿದ್ದನ್ನು ಯಾರೂ ಬಿಡಿಸಿಕೊಳ್ಳುವುದಿಲ್ಲ. ಯಾಕೆ ಎಂದು ಕೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಮೋಡ ಕವಿದ ದಿನ ಊರು ಜಾತ್ರೆಯಂತೆ ಗದ್ದಲವಾಗಿರುತ್ತಿತ್ತು. ಅತ್ತೆಯರು ಸೊಸೆಯರನ್ನು ಹೊಗಳುತ್ತಿದ್ದರು, ತಾಯಂದಿರು ಮಕ್ಕಳಿಗೆ ಕೇಳಿದ್ದೆಲ್ಲ ಕೊಡಿಸುತ್ತೇನೆ ಎನ್ನುತ್ತಿದ್ದರು, ಅಣ್ಣತಮ್ಮಂದಿರು ಗಂಟಲು ಹರಿಯುವಂತೆ ಜಗಳವಾಡಿ ಮರುದಿನ ಒಂದೇ ಒಲೆಯ ಮುಂದೆ ಕೂರುತ್ತಿದ್ದರು. ಆಕಾಶ ತಿಳಿಯಾಯಿತೋ, ಇಡೀ ಊರು ತುಟಿ ಬಿಗಿ ಹಿಡಿಯುತ್ತಿತ್ತು. ಏನು ಕೇಳಿದರೂ "ನೋಡೋಣ" ಎಂಬ ಒಂದೇ ಉತ್ತರ. ಶಾಲೆಯಲ್ಲಿ ಮಗ್ಗಿ ಹೇಳಿಕೊಡುವುದು ತಿಳಿ ಆಕಾಶವಿದ್ದಾಗ ಮಾತ್ರ. ಮೋಡ ಬಂದರೆ ಮೇಷ್ಟ್ರು ಚರಿತ್ರೆಯ ಪಾಠಕ್ಕೆ ಹೊರಳುತ್ತಿದ್ದರು. ಮೋಡದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಧಿಸುವವನಿಗಿಂತ ನೀಚನಿಲ್ಲ, ತಿಳಿ ಆಕಾಶದ ಮಾತನ್ನು ಮುರಿಯುವವನಿಗಿಂತ ಹಗುರ ಮನುಷ್ಯನಿಲ್ಲ. ಊರಿನವರ ನೀತಿಯೆಲ್ಲ ಇಷ್ಟರಲ್ಲಿ ಮುಗಿಯುತ್ತಿತ್ತು.

ತೊಂದರೆ ಇದ್ದದ್ದು ಚಳಿಗಾಲದಲ್ಲಿ. ಭೂಮಿಯ ನೆತ್ತಿಗೆ ಅಷ್ಟು ಹತ್ತಿರದ ಊರು ಅದು. ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಕತ್ತಲೆ. ತಲೆ ಎತ್ತಿದರೆ ಮೂಗಿನ ತುದಿ ಮರಗಟ್ಟುತ್ತಿತ್ತು, ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ಮೋಡವಿದೆಯೋ ಇಲ್ಲವೋ ಎಂಬುದನ್ನು ಗೋಪುರದ ಗಂಟೆ ಹೇಳಬೇಕು. ಮೋಡಕ್ಕೆ ಒಂದು ಪೆಟ್ಟು, ತಿಳಿಗೆ ಎರಡು. ಹಾಗಿದ್ದೂ ತಕರಾರುಗಳು ಬರುತ್ತಿದ್ದವು. ಊರಿನಲ್ಲಿ ಇದ್ದದ್ದು ಎರಡು ಪಂಗಡ: ಗಂಟೆ ಹೊಡೆಯುವವರು ಮೇಲುಬೀದಿಯವರಾದರೆ ಕೆಳಗಿನ ಓಣಿಯವರಿಗೆ ನಂಬಿಕೆ ಇಲ್ಲ, ಅವರಾದರೆ ಇವರಿಗಿಲ್ಲ. ಕಡೆಗೆ ಪಂಚಾಯಿತಿಯವರು ಉಪಗ್ರಹದ ಮಾತು ಕೇಳೋಣ ಎಂದು ತೀರ್ಮಾನಿಸಿದರು. ಅದು ಯಾವ ಬೀದಿಗೂ ಸೇರಿದ್ದಲ್ಲ. ಧ್ರುವದ ಮೇಲೆ ಹಾಯುವ ಉಪಗ್ರಹವಾದ್ದರಿಂದ ಪ್ರತಿ ಸುತ್ತಿಗೂ ಊರನ್ನು ಇಣುಕಿ ನೋಡಿಯೇ ಹೋಗುತ್ತಿತ್ತು. ಆದರೆ ಅದನ್ನು ನಂಬುವ ಮೊದಲು ಒಂದು ಚಳಿಗಾಲ ಪರೀಕ್ಷಿಸಬೇಕು ಎಂದು, ಅವರು ಸಲಹೆ ಕೇಳಿದಾಗ, ನಮ್ಮ ಕಾಲೇಜಿನವರು ಹಠ ಹಿಡಿದರು. ಪರೀಕ್ಷಿಸಲು ನನ್ನನ್ನು, ಅಂದರೆ ಹರಿಣಾಕ್ಷಿ ಎಂಬ ಭೌತವಿಜ್ಞಾನದ ಉಪನ್ಯಾಸಕಿಯನ್ನು, ಕಳಿಸಿದರು.

ಕೆಲಸ ಕೇಳಲು ಸುಲಭ. ಉಪಗ್ರಹ ಮೋಡವೆಂದಾಗ ನಿಜವಾಗಿ ಮೋಡವಿತ್ತೇ, ಇಲ್ಲವೆಂದಾಗ ಇರಲಿಲ್ಲವೇ, ಇಷ್ಟನ್ನು ಹೋಲಿಸಿ ನೋಡಬೇಕು. ಕಷ್ಟ ಹಿಮದ್ದು. ಬೇರೆ ಊರುಗಳಲ್ಲಿ ಮೋಡ ಬಿಳಿ, ನೆಲ ಕಪ್ಪು. ಮೋಡ ತಣ್ಣಗೆ, ನೆಲ ಬೆಚ್ಚಗೆ. ಉಪಗ್ರಹ ಕಲಿತಿರುವುದು ಆ ಪಾಠವನ್ನೇ. ಇಲ್ಲಿ ಎರಡೂ ಬಿಳಿ. ಕತ್ತಲೆ ಬಿದ್ದ ಮೇಲೆ ಬಿಳಿಯೂ ಇಲ್ಲ. ಶಾಖ ನೋಡಿಯೇ ಹೇಳಬೇಕು. ನೆಲವೋ ಕೆಲವೊಮ್ಮೆ ಮೋಡಕ್ಕಿಂತಲೂ ತಣ್ಣಗಿರುತ್ತದೆ.

ಇದಕ್ಕೆ ನೆಲದ ಸಾಕ್ಷಿ ಬೇಕು. ಆ ವರ್ಷ ಮೊದಲ ಚಳಿಗೇ ಗೋಪುರದ ಗಂಟೆ ಸೀಳಿಹೋಯಿತು. ಗಂಟೆಯ ಬದಲು ಗೋಪುರ ಹತ್ತಿ ಬಾಯಲ್ಲೇ ಕೂಗುವ ಕೆಲಸವನ್ನು ಕೆಳಗಿನ ಓಣಿಯ ಫಕೀರವ್ವನಿಗೆ ಕೊಟ್ಟರು. ಆಕೆಯ ಗಂಟಲು ಗಂಟೆಗಿಂತ ದೊಡ್ಡದು. ಅದರ ಬಗ್ಗೆ ಆಕೆಗೆ ಹೆಮ್ಮೆಯೂ ಇತ್ತು. ಒಂದೊಂದು ದಿನ "ಮ್ವಾಡಾ!" ಎಂದು ಕೂಗುತ್ತಿದ್ದಳು. ಒಂದೊಂದು ದಿನ "ಮುಗಿಲೂ!" ಎಂದು ಕೂಗುತ್ತಿದ್ದಳು. ಮೇಲುಬೀದಿಯವರು ಕಿಟಕಿಯ ಹಿಂದೆ ಕೂತು ಕೇಳಿಸಿಕೊಂಡು, ಮೋಡವೆಂದರೆ ದಪ್ಪ ಮೋಡ, ಮುಗಿಲೆಂದರೆ ತೆಳು ಮೋಡ ಎಂದು ಅರ್ಥ ಮಾಡಿಕೊಂಡರು. ನಾನೂ ಹಾಗೆಯೇ ಮಾಡಿಕೊಂಡೆ. ಸಾಮಾನ್ಯ ಹೆಂಗಸೊಬ್ಬಳು ಮೋಡದಲ್ಲಿ ಎರಡು ಬಗೆ ಗುರುತಿಸುತ್ತಿದ್ದಾಳಲ್ಲ ಎಂದು ಮೆಚ್ಚಿಕೊಂಡೆ ಕೂಡ.

ತಲೆ ಎತ್ತಿ ನೀನೇ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪರೀಕ್ಷಿಸುವವಳು ತಾನೇ ಸಾಕ್ಷಿಯಾಗಬಾರದು ಎಂಬುದು ನಮ್ಮ ಶಿಸ್ತು. ನನ್ನ ಕಣ್ಣಿನ ಅಭಿಪ್ರಾಯ ಲೆಕ್ಕದೊಳಗೆ ನುಸುಳಬಾರದೆಂದು ಮೊದಲ ವಾರವೇ ಕಿಟಕಿಗೆ ಕಂಬಳಿ ಜಡಿದಿದ್ದೆ. ಹೊರಗೆ ಹೋದರೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನನ್ನ ಬೂಟನ್ನೇ ನೋಡುತ್ತ ನಡೆಯುತ್ತಿದ್ದೆ. ಮೋಡದ ಅಧ್ಯಯನಕ್ಕೆ ಬಂದು ಇಡೀ ಋತು ಆಕಾಶ ನೋಡದೆ ಕಳೆದ ಶ್ರದ್ಧೆ ನನ್ನದು.

ನಾನಿದ್ದದ್ದು ದುಂಡಪ್ಪ ಮತ್ತು ವಿಶಾಲಾಕ್ಷಮ್ಮನವರ ಮನೆಯ ಮಹಡಿಯಲ್ಲಿ. ದುಂಡಪ್ಪನವರು ಕೆಳಗಿನ ಓಣಿಯವರು, ಜಾರುಬಂಡಿ ರಿಪೇರಿ ಅವರ ಕೆಲಸ. ವಿಶಾಲಾಕ್ಷಮ್ಮ ಮೇಲುಬೀದಿಯ ಹೆಣ್ಣು. ಬೀದಿ ದಾಟಿ ಮದುವೆಯಾದವರು ಊರಿನಲ್ಲಿ ಅವರಿಬ್ಬರೇ. ಅವರ ನಡುವೆ ಇದ್ದ ಹಳೆಯ ವ್ಯಾಜ್ಯ ಒಂದೇ: ವಿಶಾಲಾಕ್ಷಮ್ಮ ಸಾರಿಗೆ ಬೆಲ್ಲ ಹಾಕುತ್ತಿದ್ದರು. ಒಂದು ದಿನ ಬೆಳಿಗ್ಗೆ ಫಕೀರವ್ವ "ಮುಗಿಲೂ!" ಎಂದು ಕೂಗಿ ಇಳಿದು ಹೋದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸದ್ದು ಕೇಳಿಸಿತು. ಮಹಡಿಯ ಹಲಗೆ ತೆಳು, ಕಿವಿಗೆ ಕಂಬಳಿ ಜಡಿಯಬೇಕೆಂಬ ಶಿಸ್ತೂ ಇರಲಿಲ್ಲ.

"ಇದೇನ ಸಾರೋ, ಪಾಯಸಾನೋ?"

"ತಿನ್ನೋರಿಗೆ ಸಾರು, ಕೊಂಕು ತೆಗೆಯೋರಿಗೆ ಪಾಯಸ."

"ನಾಲಿಗಿ ಅಂಟಾಕತ್ತೇತಿ ವಿಶಾಲಾ. ಇನ್ನ ಮ್ಯಾಲ ನೀ ಮಾಡಿದ ಅಡಗಿ ಕೈಲೆ ಮುಟ್ಟಂಗಿಲ್ಲ ನಾ!"

"ಮುಟ್ಟಬೇಡಿ. ನಾನೂ ಇನ್ನು ನಿಮ್ಮ ತಟ್ಟೆಗೆ ಒಂದು ಅಗುಳು ಬಡಿಸಿದ್ರೆ ನನ್ನ ಹೆಸರು ವಿಶಾಲಾಕ್ಷಿ ಅಲ್ಲ!"

ಒಂದು ಬಾಗಿಲು ಬಡಿಯಿತು. ಮುಗಿಲಿನ ದಿನದ ಜಗಳ, ನಾಳೆಗೆ ಇರುವುದಿಲ್ಲ ಎಂದುಕೊಂಡು ನಾನು ನನ್ನ ಲೆಕ್ಕಕ್ಕೆ ತಿರುಗಿದೆ. ಮರುದಿನ ವಿಶಾಲಾಕ್ಷಮ್ಮ ಎಂದಿನಂತೆ ತಟ್ಟೆ ಇಟ್ಟು ಸೌಟು ಹಿಡಿದು ಕರೆದರು. ದುಂಡಪ್ಪನವರು ಕೂರಲಿಲ್ಲ.

"ನಿನ್ನೆ ಫಕೀರವ್ವ ಮುಗಿಲು ಅಂತ ಕೂಗಿದ್ದು ಕಿವಿಗೆ ಬೀಳಲಿಲ್ವೇನ್ರೀ?"

"ಬಿದ್ದೈತಿ. ಅದಕ್ಕ ಕುಂಡ್ರಂಗಿಲ್ಲ."

ಅಲ್ಲಿಂದ ಅವರು ನೇರ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು. "ಅಕ್ಕಾರ, ಒಂದೀಟ ಏನರ ಐತೇನ್ರಿ ತಿನ್ನಾಕ?" ನಾನು ಮಾಡಿದ ಉಪ್ಪಿಟ್ಟಿತ್ತು. ನನ್ನ ಉಪ್ಪಿಟ್ಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ: ತಟ್ಟೆಯನ್ನು ಬೋರಲು ಹಾಕಿದರೂ ಅದು ಬೀಳುವುದಿಲ್ಲ. ದುಂಡಪ್ಪನವರು ಅದನ್ನು ಒಂದೊಂದೇ ತುಂಡು ಮುರಿದು ಕಣ್ಣು ಮುಚ್ಚಿ ನುಂಗಿದರು. ಮರುದಿನವೂ ಬಂದರು. ಚಳಿಗಾಲ ಪೂರ್ತಿ ಬಂದರು. ಅವರ ಕೆನ್ನೆ ಒಳಕ್ಕೆ ಹೋಯಿತು, ಬೆಲ್ಟಿಗೆ ಹೊಸ ತೂತುಗಳು ಬಿದ್ದವು. ಕೆಳಗೆ ವಿಶಾಲಾಕ್ಷಮ್ಮ ಇಬ್ಬರಿಗೆಂದೇ ಅಡುಗೆ ಮಾಡಿ ಒಬ್ಬರೇ ಕೂತು ಉಣ್ಣಲಾಗದೆ ಏಳುತ್ತಿದ್ದರು. "ಮೋಡದ ಮಾತು ಹಿಡಿದು ಕೂತಿದ್ದಾರಲ್ಲ, ಇಷ್ಟು ವರ್ಷ ಇಂಥ ನೀಚನ ಜೊತೆ ಸಂಸಾರ ಮಾಡಿದೆನಾ?" ಎಂದು ನನ್ನ ಹತ್ತಿರ ಕಣ್ಣೀರು ಹಾಕಿದರು. ದುಂಡಪ್ಪನವರೂ ಉಪ್ಪಿಟ್ಟು ಅಗಿಯುತ್ತ, "ಕೊಟ್ಟ ಮಾತ ಮುರೀರಿ ಅಂತ ಕರೀತಾಳ್ರಿ ಅಕಿ. ನಾ ಅಷ್ಟ ಹಗೂರ ಮನಶಾ ಅದೀನೇನ್ರಿ?" ಎಂದು ಇನ್ನೊಂದು ತುಂಡು ಮುರಿದರು. ಎರಡೂ ಕಡೆಯ ಮಾತು ಕೇಳಿದವಳು ನಾನೊಬ್ಬಳೇ. ಇಬ್ಬರೂ ಒಂದೇ ಕೂಗನ್ನು ಸಾಕ್ಷಿ ಮಾಡಿಕೊಂಡು ಎದುರುಬದುರಾಗಿ ನಿಂತಿದ್ದಾರೆ ಎಂಬುದು ಕಾಲೇಜಿನಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ತಲೆಗೆ ಹೊಳೆಯಲಿಲ್ಲ. ದುಂಡಪ್ಪನವರಿಗೆ ಹಸಿವಿನಿಂದ ಬುದ್ಧಿ ಮಂಕಾಗಿದೆ ಎಂದುಕೊಂಡೆ.

ಅತ್ತ ನನ್ನ ಪರೀಕ್ಷೆ ಬಹಳ ಚೆನ್ನಾಗಿ ನಡೆಯುತ್ತಿತ್ತು. ಫಕೀರವ್ವ ಮೋಡವೆಂದಾಗ ಉಪಗ್ರಹವೂ ಬಹಳ ಸಲ ಮೋಡವೆನ್ನುತ್ತಿತ್ತು. ಆಕೆ ಮುಗಿಲೆಂದಾಗ ಮಾತ್ರ ಹೆಚ್ಚುಕಡಿಮೆ ಪ್ರತಿ ಸಲವೂ ಏನೂ ಇಲ್ಲ ಎನ್ನುತ್ತಿತ್ತು. ಧ್ರುವದ ಕತ್ತಲೆಯಲ್ಲಿ ಉಪಗ್ರಹಗಳು ತೆಳು ಮೋಡವನ್ನು ಹಿಡಿಯಲಾರವು ಎಂದು ನಮ್ಮ ಪುಸ್ತಕಗಳೂ ಹೇಳುತ್ತವೆ. ಪುಸ್ತಕದಲ್ಲಿದ್ದದ್ದೇ ನನ್ನ ಲೆಕ್ಕದಲ್ಲೂ ಬಂದಾಗ ಆಗುವ ಖುಷಿಯೇ ಬೇರೆ. ಆ ಖುಷಿಯಲ್ಲಿ ಅನುಮಾನಕ್ಕೆ ಜಾಗವಿರುವುದಿಲ್ಲ.

ಮೇಲುಬೀದಿಯವರ ಖುಷಿ ನನ್ನದಕ್ಕಿಂತ ದೊಡ್ಡದು. ಅವರ ಪ್ರಕಾರ ಆ ಚಳಿಗಾಲ ಒಂದು ದಿನವೂ ಆಕಾಶ ತಿಳಿಯಾಗಿರಲಿಲ್ಲ. ಎಲ್ಲರ ನಾಲಿಗೆಗೂ ರಜೆ. ಅಂಚೆಯ ಪದ್ಮರಾಜಯ್ಯ ತಮ್ಮ ಅತ್ತೆಗೆ, "ನೀವು ಇಲ್ಲದೆ ಮನೆ ಬಿಕೋ ಅನ್ನುತ್ತೆ, ನಮ್ಮಲ್ಲೇ ಇದ್ದುಬಿಡಿ" ಎಂದರಂತೆ. ಚಿಕ್ಕನಂಜಯ್ಯನವರಂತೂ ಮನೆಮನೆಗೂ ಹೊಸ ಒಲೆ, ಗೋಪುರಕ್ಕೆ ಹೊಸ ಗಂಟೆ, ಬೇಸಿಗೆಯ ಹೊತ್ತಿಗೆ ಕುರ್ಚಿಯನ್ನು ಬಾವಮೈದುನನಿಗೆ ಬಿಟ್ಟುಕೊಡುವುದು ಎಂದು ಧಾರಾಳವಾಗಿ ಹಂಚಿದರು.

ಚಳಿಗಾಲ ಮುಗಿಯುತ್ತ ಬಂದ ಒಂದು ದಿನ ನೀರಿಗೆ ಮಂಜುಗಡ್ಡೆ ಒಡೆದು ತರಲು ದುಂಡಪ್ಪನವರ ಜೊತೆ ಹೋದೆ. ಗಡ್ಡೆ ಎತ್ತುವಾಗ ಕಾಲು ಜಾರಿ ಅಂಗಾತ ಬಿದ್ದೆ. ಟೋಪಿ ಹಾರಿಹೋಯಿತು. ಋತುವಿಡೀ ನೋಡದೆ ಉಳಿಸಿಕೊಂಡಿದ್ದ ಆಕಾಶ ಒಮ್ಮೆಗೇ ಕಣ್ಣಿಗೆ ಬಿತ್ತು. ಎಷ್ಟು ನಕ್ಷತ್ರಗಳು! ಒಂದು ಎಳೆ ಮೋಡವಿಲ್ಲ. ಅದೇ ಹೊತ್ತಿಗೆ ಗೋಪುರದ ಮೇಲಿಂದ ಫಕೀರವ್ವನ ದನಿ ಬಂತು: "ಮುಗಿಲೂ!"

"ಅಯ್ಯೋ, ಸುಳ್ಳು ಹೇಳ್ತಾಳಲ್ರೀ ಇವಳು!" ಎಂದು ಬಿದ್ದಲ್ಲಿಂದಲೇ ಕೂಗಿದೆ. "ಎಲ್ಲಿದೆ ಮೋಡ?"

ದುಂಡಪ್ಪನವರು ನನ್ನ ತಲೆಗೆ ಪೆಟ್ಟಾಯಿತೇನೋ ಎಂದು ಬಗ್ಗಿ ನೋಡಿದರು. "ಮ್ವಾಡ ಐತಿ ಅಂತ ಯಾರಂದ್ರಿ? ಮುಗಿಲು ಅಂದ್ಲಲ್ಲ ಅಕಿ."

"ಅದೇ. ಮುಗಿಲು."

"ಹೌದ್ರಿ, ಮುಗಿಲು." ಅವರು ಗವಸು ಹಾಕಿದ ಕೈಯನ್ನು ನಕ್ಷತ್ರಗಳ ಕಡೆಗೆ ಆಡಿಸಿದರು. "ಇದ. ಮ್ವಾಡ ಸರದ ಮ್ಯಾಲ ಕಾಣತೈತಲ್ಲ, ಚುಕ್ಕಿ ಮೂಡಿದ್ದು. ನೀವು ಇದಕ್ಕ ಏನಂತೀರಿ?"

"ಆಕಾಶ" ಎಂದೆ.

ಹಿಮದ ಮೇಲೆ ಮಲಗಿಯೇ ನನ್ನ ಲೆಕ್ಕವೆಲ್ಲ ತಲೆಕೆಳಗಾಗುವುದನ್ನು ನೋಡಿದೆ. ಉಪಗ್ರಹ ತೆಳು ಮೋಡವನ್ನು ಕಾಣದೆ ಹೋಗಿರಲಿಲ್ಲ. ತೆಳು ಮೋಡ ಇರಲೇ ಇಲ್ಲ, ಕೆಳಗಿನ ಓಣಿಯವರಿಗೆ ಮುಗಿಲೆಂದರೆ ತಿಳಿ ಆಕಾಶ. ಅದು ಏನೂ ಇಲ್ಲ ಎಂದಾಗಲೆಲ್ಲ ಫಕೀರವ್ವನೂ ಅದನ್ನೇ ಕೂಗುತ್ತಿದ್ದಳು. ನಡುವೆ ಕಂಬಳಿ ಜಡಿದುಕೊಂಡು ಕೂತಿದ್ದವಳು ನಾನು. ದುಂಡಪ್ಪನವರ ಮಾತು ಅಂಟಿತ್ತು, ಅವರದು ಹಠವಲ್ಲ. ವಿಶಾಲಾಕ್ಷಮ್ಮ ಮಾತು ಮುರಿಯಿರಿ ಎಂದು ಕರೆದವರೂ ಅಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಈ ಪದ ಎಡವಲೇ ಇಲ್ಲವೇ ಎಂದು ಆಮೇಲೆ ಯೋಚಿಸಿದ್ದೇನೆ. ದುಂಡಪ್ಪನವರು "ಮುಗಿಲು ನೋಡು" ಎಂದಾಗ ವಿಶಾಲಾಕ್ಷಮ್ಮ ತಲೆ ಎತ್ತಿದರೆ ಮೇಲೆ ಏನಾದರೊಂದು ಇದ್ದೇ ಇರುತ್ತಿತ್ತು. ಅವರು ನೋಡಿದ್ದು ಅವರಿಗೆ, ಇವರು ನೋಡಿದ್ದು ಇವರಿಗೆ.

ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಮೇಲುಬೀದಿಯಲ್ಲಿ ಸೂತಕದ ಕಳೆ. ಪದ್ಮರಾಜಯ್ಯನವರ ಅತ್ತೆ ಆಗಲೇ ಹಾಸಿಗೆ ಸಮೇತ ಬಂದಿಳಿದಿದ್ದರು. ಚಿಕ್ಕನಂಜಯ್ಯನವರು ಬೆವರುತ್ತ ನನ್ನ ಕೋಣೆಗೆ ಬಂದರು. "ಮೇಡಂ, ವಿಜ್ಞಾನದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತಲ್ವಾ? ತೆಳು ಮೋಡ ಅಂತ ಇದ್ದೇ ಇರುತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೆ... ನನ್ನ ಬಾವಮೈದುನ ಕುರ್ಚಿಗೆ ದಿಂಬು ಹೊಲಿಸ್ತಿದಾನೆ ಮೇಡಂ." ನೋಡೋಣ ಎಂದೆ. ಆಕಾಶ ತಿಳಿಯಾಗಿತ್ತು.

ಅವರು ಹೋದ ಮೇಲೆ ವಿಶಾಲಾಕ್ಷಮ್ಮ ಬಂದರು. ಕಣ್ಣು ಕೆಂಪಾಗಿದ್ದವು, ಆದರೆ ಮುಖದ ಮೇಲಿದ್ದ ಗಂಟು ಬಿಚ್ಚಿತ್ತು. "ಹಾಗಾದ್ರೆ ಇವರು ಸಾಧಿಸ್ತಿರಲಿಲ್ಲ, ಅಲ್ವೇನೇ? ಕೊಟ್ಟ ಮಾತಿಗೆ ಬಿದ್ದು ನಿನ್ನ ಉಪ್ಪಿಟ್ಟು ತಿಂದ್ರು." ಹತ್ತಿರ ಬಂದು ಕೂತರು. "ಆ ದಿನ ನಿನ್ನ ಉಪಗ್ರಹ ಏನಂದಿತ್ತು, ನೋಡು."

ನಾನು ಆಗಲೇ ನೋಡಿದ್ದೆ. ಫಕೀರವ್ವ ಮುಗಿಲೆಂದು ಕೂಗಿಯೂ ಉಪಗ್ರಹ ಮೋಡವೆಂದ ಕೆಲವೇ ದಿನಗಳಲ್ಲಿ ಅದೊಂದು.

"ಮೋಡ ಅಂದಿತ್ತು" ಎಂದೆ.

"ನೋಡಿದ್ಯಾ! ಅಷ್ಟು ಮೇಲಿರೋದು, ಅದಕ್ಕೆ ಗೊತ್ತಿಲ್ದೆ ಇರುತ್ತಾ? ಫಕೀರವ್ವನಿಗೆ ವಯಸ್ಸಾಯ್ತು, ಕಣ್ಣಿಗೆ ಪೊರೆ ಬಂದಿರಬಹುದು. ಅದೊಂದು ದಿನ ಮಾತ್ರ ಉಪಗ್ರಹವೇ ಸರಿ ಅಂತ ಹೇಳಿಬಿಡು ತಾಯಿ. ಅವರು ಬಂದು ನನ್ನ ಮುಂದೆ ಕೂತು ಉಂಡರೆ ಸಾಕು. ಬೇಕಾದ್ರೆ ಬೆಲ್ಲಾನೇ ಬಿಡ್ತೀನಿ."

ಹೇಳಿಬಿಡಬಹುದಿತ್ತು. ಅಂಥ ದಿನಗಳಲ್ಲಿ ಯಾವುದು ಸರಿ ಎನ್ನಲು ಮೂರನೆಯ ಸಾಕ್ಷಿ ಬೇಕು, ಅದು ನನ್ನಲ್ಲಿರಲಿಲ್ಲ. ಅಳುಕುತ್ತಲೇ, ಮಾತು ಬೆಳೆಸಲೆಂದು ಕೇಳಿದೆ: "ಆವತ್ತು ಸಾರು ಅಷ್ಟೊಂದು ಸಿಹಿಯಾದದ್ದು ಹೇಗಮ್ಮಾ? ದಿನಾ ಹಾಕೋ ಬೆಲ್ಲವೇ ತಾನೆ?"

"ಅಯ್ಯೋ, ಆವತ್ತು ಬೆಲ್ಲ ಕಲ್ಲಾಗಿಹೋಗಿತ್ತು ಕಣೇ. ಮಾಮೂಲಿ ದಿನ ಚಿವುಟಿದ್ರೆ ಬರುತ್ತೆ. ಮೋಡ ಮುಚ್ಚಿದ್ರಂತೂ ಕಂಬಳಿ ಹೊದ್ದ ಹಾಗೆ, ಊರೇ ಬೆಚ್ಚಗಿರುತ್ತಲ್ಲ, ಬೆಲ್ಲ ಮೇಣದ ಥರಾ ಇರುತ್ತೆ. ಆವತ್ತು ಎಂಥ ಚಳಿ ಅಂತೀಯ! ಇವರ ಸುತ್ತಿಗೆ ತಂದು ಒಂದು ಏಟು ಹಾಕಿದೆ. ನಿಂಬೆಹಣ್ಣಿನ ಗಾತ್ರದ ತುಂಡು ಹಾರಿ ಸೀದಾ ಸಾರಿಗೇ..." ಅಲ್ಲಿಗೆ ಅವರು ನಿಲ್ಲಿಸಿದರು. ನನ್ನ ಮುಖ ನೋಡಿದರು. "ಯಾಕೆ? ಏನಂದೆ ನಾನು?"

ಮೂರನೆಯ ಸಾಕ್ಷಿ ತಾನಾಗಿ ಮಹಡಿ ಹತ್ತಿ ಬಂದು ನನ್ನ ಚಾಪೆಯ ಮೇಲೆ ಕೂತಿತ್ತು. ಮೋಡ ನೆಲದ ಶಾಖವನ್ನು ಹಿಡಿದಿಡುತ್ತದೆ. ಮೋಡವಿಲ್ಲದಿದ್ದರೆ ಶಾಖವೆಲ್ಲ ಮೇಲೆ ಹಾರಿಹೋಗಿ ಹಿಮ ಎಷ್ಟು ತಣ್ಣಗಾಗುತ್ತದೆಂದರೆ, ಅದನ್ನೇ ಎತ್ತರದ ಮೋಡವೆಂದು ಉಪಗ್ರಹ ತಪ್ಪು ತಿಳಿಯುತ್ತದೆ. ಬೆಲ್ಲ ಕಲ್ಲಾಗಿದ್ದಕ್ಕೆ, ಸಾರು ಪಾಯಸವಾಗಿದ್ದಕ್ಕೆ, ಉಪಗ್ರಹ ಮೋಸಹೋದದ್ದಕ್ಕೆ ಕಾರಣ ಒಂದೇ: ಆಕಾಶ ತಿಳಿಯಾಗಿತ್ತು. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ವಿಶಾಲಾಕ್ಷಮ್ಮ ಸುತ್ತಿಗೆ ಹಿಡಿದಿದ್ದ ತಮ್ಮ ಅಂಗೈಯನ್ನೇ ನೋಡಿದರು. "ಬೆಲ್ಲವೇ ಸಾಕ್ಷಿ ಹೇಳ್ತಲ್ಲೇ ನನ್ನ ಮೇಲೆ" ಎಂದು ಎದ್ದು ಹೋದರು.

ಫಕೀರವ್ವ ಮುಗಿಲೆಂದ ಒಂದು ದಿನ, ಈ ಸಲ ತಲೆ ಎತ್ತಿ ನೋಡಿಯೂ ಖಚಿತ ಮಾಡಿಕೊಂಡು, ಪಂಚಾಯಿತಿಯ ಮುಂದೆ ನನ್ನ ವರದಿ ಹೇಳಿದೆ. ಉಪಗ್ರಹ ಬಹುಪಾಲು ಸರಿ. ತೀರಾ ಚಳಿ ಬಿದ್ದರೆ ನೆಲವನ್ನು ಮೋಡವೆನ್ನುತ್ತದೆ, ನೆಲಕ್ಕಿಂತ ಬೆಚ್ಚಗಿನ ಮೋಡ ಬಂದರೆ ಅದನ್ನು ನೆಲವೆನ್ನುತ್ತದೆ. ಈ ಚಳಿಗಾಲ ಅದಕ್ಕಿಂತ ಹೆಚ್ಚು ತಪ್ಪು ಮಾಡಿದವಳು ನಾನು. ಉಪಗ್ರಹಕ್ಕೆ ಜೊತೆಯಾಗಿ ನೆಲದ ಮೇಲೊಂದು ಕಣ್ಣು ಇರಲೇಬೇಕು. "ಹಾಂಗಾರ ನಾ ಇನ್ನ ಏನಂತ ಒದರಲಿ?" ಎಂದು ಫಕೀರವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಮ್ಯಾಲಿನ ಬೀದ್ಯಾರಿಗೆ ಬ್ಯಾರೆ, ನಮ್ಮಾರಿಗೆ ಬ್ಯಾರೆ ಒದರಾಕ ನನಗೇನ ಎರಡ ಗಂಟಲ ಅದಾವೇನು?" ಹೊಸ ಗಂಟೆ ಬರುವುದೆಂದು ಯಾರೋ ನೆನಪಿಸಿದರು. ಎಲ್ಲರೂ ಚಿಕ್ಕನಂಜಯ್ಯನವರ ಕಡೆ ತಿರುಗಿದರು. ಅವರು ಬಾವಮೈದುನನ ಕಡೆ ತಿರುಗಿದರು. ಅವನು ದಿಂಬು ತಂದಿದ್ದ.

ಉಳಿದದ್ದು ದುಂಡಪ್ಪನವರ ವಿಷಯ. ಸಭೆ ತಲೆ ಕೆಡಿಸಿಕೊಂಡಿತು. ಕೈಗವಸು ಹಾಕಿಕೊಂಡು ಉಂಡರೆ ಮುಟ್ಟಿದ ಹಾಗಲ್ಲ ಎಂದರು ಮೇಷ್ಟ್ರು. "ಬಂಡಿ ಎಣ್ಣೆ ಮೆತ್ತಿದ ಗವಸು ನನ್ನ ಸಾರಿನಲ್ಲಿ ಅದ್ದೋದಾ?" ಎಂದರು ವಿಶಾಲಾಕ್ಷಮ್ಮ. ಚಮಚ ಎಂದರು ಇನ್ನೊಬ್ಬರು. ಚಮಚ ಹಿಡಿದರೂ ಕೈಯೇ ಅಲ್ಲವೇ ಎಂಬ ಚರ್ಚೆ ಎದ್ದಿತು. ಹಾಗೂ ಒಪ್ಪಿದರೆ, ತಟ್ಟೆಗೆ ಬಡಿಸುವುದಿಲ್ಲ ಎಂದ ವಿಶಾಲಾಕ್ಷಮ್ಮನವರ ಮಾತಿಗೇನು ದಾರಿ? ದುಂಡಪ್ಪನವರು ನನ್ನ ಕಡೆ ನೋಡಿದರು. ಇನ್ನೊಂದು ಆಯುಷ್ಯದ ಉಪ್ಪಿಟ್ಟು ಅವರ ಕಣ್ಣಿನಲ್ಲಿ ಕಾಣಿಸಿತು.

ಆವತ್ತು ಮಧ್ಯಾಹ್ನ ಅವರು ಎಂದಿನಂತೆ ಮೆಟ್ಟಿಲ ಬುಡಕ್ಕೆ ಬಂದು ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತರು. ಮೇಲಿನಿಂದ ನಾನು ನೋಡುತ್ತಿದ್ದೆ. ಅಡುಗೆಮನೆಯಿಂದ ವಿಶಾಲಾಕ್ಷಮ್ಮ ಬಂದರು. ಎಡಗೈಯಲ್ಲಿ ಪಾತ್ರೆ, ಅದರಲ್ಲಿ ಬಿಸಿ ಅನ್ನಕ್ಕೆ ಸಾರು ಕಲಸಿದ್ದು. ತಟ್ಟೆ ಇರಲಿಲ್ಲ. ಸೌಟೂ ಇರಲಿಲ್ಲ.

"ರೀ, ಕೈ ಹಿಂದಕ್ಕೆ ಕಟ್ಕೊಳ್ಳಿ."

"ಯಾಕ?"

"ಮುಟ್ಟಲ್ಲ ಅಂದಿದ್ದೀರಲ್ಲ, ಮುಟ್ಟಬೇಡಿ. ತಟ್ಟೆಗೆ ಬಡಿಸಲ್ಲ ಅಂದಿದ್ದೀನಿ, ಬಡಿಸ್ತಿಲ್ಲ. ಬಾಯಿ ತೆಗೀರಿ."

ದುಂಡಪ್ಪನವರು ಸುತ್ತ ನೋಡಿದರು, ನನ್ನನ್ನು ಕಂಡು ಕಿವಿಯವರೆಗೆ ಕೆಂಪಾದರು, ಆದರೂ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಿ ತೆರೆದರು. ತುತ್ತು ಒಳಗೆ ಹೋಯಿತು. ಅವರು ಅಗಿದರು, ನಿಂತರು, ಮತ್ತೆ ಅಗಿದರು.

"ಬೆಲ್ಲ ಹಾಕಿಲ್ಲೇನು?"

"ಇಲ್ಲ."

"ಸಪ್ಪಗ ಆಗೇತಿ" ಎಂದು ಅವರು ಮತ್ತೆ ಬಾಯಿ ತೆರೆದರು.

ನಾನು ಒಳಗೆ ಬಂದು ಉಪ್ಪಿಟ್ಟಿನ ಪಾತ್ರೆಯನ್ನು ಕೆಳಗಿಟ್ಟು, ಕಿಟಕಿಗೆ ಜಡಿದಿದ್ದ ಕಂಬಳಿಯ ಮೊಳೆಗಳನ್ನು ಕೀಳತೊಡಗಿದೆ. ಕೆಳಗೆ ಅಡುಗೆಮನೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು, ಬಹಳ ಎಚ್ಚರದಿಂದ ಹಾಕಿದ ಒಂದೇ ಪೆಟ್ಟು.